ಮುನ್ನೂರು ಮ್ಯಾಗ್ನಮ್ಮೂ ಒಂದು ಅಂಗಿಯ ಅಂಚೂ

ಅಂಗಿಯ ಹಿಂದಿನ ಅಂಚು ಕತ್ತರಿಸಿಹೋದರೆ ಸೊಂಟಕ್ಕೆ ಎಷ್ಟು ಚಳಿ ಹತ್ತುತ್ತದೆ ಎನ್ನುವುದು ವೆಸ್ಲಿ ಹೌಟಲಾನಿಗೆ ತಿಳಿದದ್ದು ಐವತ್ತೆಂಟನೆಯ ವಯಸ್ಸಿನಲ್ಲಿ. ಅಲ್ಲಿಯವರೆಗೆ ಶಿಕಾರಿ ಮನೆಯ ಆ ಗೋಡೆಯ ಮೇಲೆ ನೆಂಟರಿಷ್ಟರೆಲ್ಲರ ಅಂಗಿಯ ತುಂಡುಗಳಿದ್ದವು, ಅವನದೊಂದು ಇರಲಿಲ್ಲ.

ಶಿಕಾರಿ ಮನೆ ಎಂದರೆ ಸುಪೀರಿಯರ್ ಸರೋವರದ ದಕ್ಷಿಣಕ್ಕೆ, ಡಾಂಬರು ರಸ್ತೆ ಮುಗಿದು, ಮರದ ಲಾರಿಗಳ ಜಾಡೂ ಮುಗಿದ ಮೇಲೆ ಸಿಗುವ ಎರಡು ಕೋಣೆಯ ದಿಮ್ಮಿಮನೆ. ಪಕ್ಕದಲ್ಲೊಂದು ಸೌನಾ, ಅಂದರೆ ಬಿಸಿ ಉಗಿಯ ಸ್ನಾನದ ಗುಡಿಸಲು. ವರ್ಷವೆಲ್ಲ ಆ ಮನೆ ಇಲಿಗಳದ್ದು. ನವೆಂಬರಿನಲ್ಲಿ ಜಿಂಕೆ ಬೇಟೆ ಶುರುವಾದಾಗ ಮಾತ್ರ ಹೌಟಲಾಗಳದ್ದು. ಗುಂಡು ಹಾರಿಸಿ ಗುರಿ ತಪ್ಪಿದವನ ಅಂಗಿಯ ಅಂಚು ಕತ್ತರಿಸಿ ಗೋಡೆಗೆ ಮೊಳೆ ಹೊಡೆಯುವುದು ಅಲ್ಲಿಯ ಕಟ್ಟಳೆ. ಕತ್ತರಿ ರೇನೋ ಚಿಕ್ಕಪ್ಪನ ಕೈಯಲ್ಲಿ. ಅವರಿಗೆ ಮೊಣಕಾಲು ನೋವು, ಈಗ ಕಾಡಿಗೆ ಹೋಗುವುದಿಲ್ಲ. ಒಲೆ, ಕಾಫಿ, ಕತ್ತರಿ ಇಷ್ಟನ್ನೇ ನೋಡಿಕೊಳ್ಳುತ್ತಾರೆ. ಕತ್ತರಿಸುವ ಮೊದಲು ಅವರು ಮೂರು ಪ್ರಶ್ನೆ ಕೇಳುತ್ತಾರೆ. ಎಂಥ ಹರಟೆಯಿದ್ದರೂ ಆಗ ಎಲ್ಲರೂ ಸುಮ್ಮನಾಗಬೇಕು. ಈ ಸಲ ಅವರ ಮುಂದೆ ನಿಂತವನು ವೆಸ್ಲಿ.

"ರಕ್ತ?"

"ಇಲ್ಲ ಚಿಕ್ಕಪ್ಪ."

"ಕೂದಲು?"

"ಇಲ್ಲ."

"ಹೆಂಗೆ ಹೋಯ್ತು?"

"ಬಾಲ ಎತ್ಕೊಂಡು, ಬಾವುಟ ಹಾರಿಸ್ಕೊಂಡು ಓಡ್ತು."

ಕಚಕಚ ಎಂದು ಕತ್ತರಿ ಆಡಿತು. ವೆಸ್ಲಿಯ ಭಾವ ಕ್ಲಿಫರ್ಡ್ ಚಪ್ಪಾಳೆ ತಟ್ಟಿದ. ಅವನ ಹೆಂಡತಿ, ಅಂದರೆ ವೆಸ್ಲಿಯ ಅಕ್ಕ ಆರ್ಲೀನ್, ಕಾಫಿ ಲೋಟ ಕೆಳಗಿಟ್ಟು ಆ ಚೌಕಳಿ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದಳು.

"ಒಳ್ಳೇ ಉಣ್ಣೆ. ಹೊಸ ಕೋವಿಗೆ ಹೊಸ ಅಂಗಿ ಬೇರೆ ತಗೊಂಡಿದ್ಯೇನೋ?"

"ಗುಂಡು ತಗುಲಲಿಲ್ವಲ್ಲ, ಅದಕ್ಕೆ ತಪ್ಪಿಸ್ಕೊಳ್ತು," ಎಂದ ಕ್ಲಿಫರ್ಡ್. "ತಗುಲಿದ್ರೆ ಜಿಂಕೆ ನಿಂತಲ್ಲೇ ಆವಿ ಆಗ್ಬೇಕಿತ್ತು. ನಿನ್ನೆ ತಾನೆ ಭಾಷಣ ಕೇಳಿದೀವಿ."

ವೆಸ್ಲಿ ನಕ್ಕ. ಎಡಗೈಯ ಕೈಗವಸನ್ನು ಅವನು ಇನ್ನೂ ಬಿಚ್ಚಿರಲಿಲ್ಲ. ಅದರೊಳಗೆ, ಅಂಗೈಗೆ ಅಂಟಿಕೊಂಡಂತೆ, ಒಂದು ಚಿಟಿಕೆ ಕೂದಲಿತ್ತು. ಬಿಳಿಯದು. ಜಿಂಕೆಗೆ ಬಿಳಿ ಕೂದಲಿರುವುದು ಬಾಲದಡಿ, ಗಂಟಲಡಿ, ಹೊಟ್ಟೆಯಡಿ. ಇದು ಬಾಲದ್ದಲ್ಲ, ಗಂಟಲದ್ದೂ ಅಲ್ಲ ಎನ್ನುವುದು ಅವನಿಗೆ ಅದನ್ನು ಹೆಕ್ಕಿಕೊಂಡಾಗಲೇ ಗೊತ್ತಿತ್ತು.

ಹಿಂದಿನ ಸಂಜೆಯ ಭಾಷಣವೂ ಸಾಮಾನ್ಯದ್ದಾಗಿರಲಿಲ್ಲ. ಎರಡು ವರ್ಷದ ಹಿಂದೆ ವೆಸ್ಲಿ ಅಪ್ಪನ ಹಳೆಯ ಕೋವಿಯಲ್ಲಿ ಒಂದು ಗಂಡು ಜಿಂಕೆಗೆ ಹೊಡೆದಿದ್ದ. ತಗುಲಿದ್ದು ಖಂಡಿತ, ರಕ್ತವೂ ಇತ್ತು. ಆದರೆ ಜಿಂಕೆ ಸಿಗಲಿಲ್ಲ. ಎಲ್ಲರೂ ತಮ್ಮ ಬೇಟೆ ಬಿಟ್ಟು ಜೌಗಿನಲ್ಲಿ ಮಂಡಿಯವರೆಗೆ ನೆನೆದು ಹುಡುಕಿದರು. ಕ್ಲಿಫರ್ಡನಿಗೆ ಜ್ವರ ಬಂತು. ಚಳಿಗಾಲ ಕಳೆದ ಮೇಲೆ ಯಾರೋ ಮರ ಕಡಿಯುವವರು ಕೊಂಬಿನ ಸಮೇತ ತಲೆಬುರುಡೆ ಸಿಕ್ಕಿತೆಂದು ತಂದು ತೋರಿಸಿದಾಗ ವೆಸ್ಲಿ ಅದನ್ನು ಮುಟ್ಟಲಿಲ್ಲ. ಕೋವಿ ಸಣ್ಣದಾಯಿತು, ಅದಕ್ಕೇ ಹೀಗಾಯಿತು ಎಂದು ತೀರ್ಮಾನಿಸಿದ. ಈ ಬೇಸಿಗೆಯಲ್ಲಿ ಮುನ್ನೂರು ಮ್ಯಾಗ್ನಂ ಎಂಬ ದೊಡ್ಡ ಕೋವಿ ಬಂತು. ಅದರ ತೋಟಾ ಒಂದೊಂದೂ ಅವನ ತೋರುಬೆರಳಿಗಿಂತ ಉದ್ದ.

"ನೋಡಕ್ಕ, ಇದು ಎಲ್ಲಿ ತಗುಲಿದ್ರೂ ಜಿಂಕೆ ನಿಂತಲ್ಲೇ ಬೀಳ್ಬೇಕು. ಹುಡುಕೋ ಕೆಲಸಾನೇ ಇಲ್ಲ," ಎಂದಿದ್ದ, ಮೇಜಿನ ಮೇಲೆ ತೋಟಾಗಳನ್ನು ಸಾಲಾಗಿ ನಿಲ್ಲಿಸಿ.

"ಎಲ್ಲಿ ತಗುಲಿದ್ರೂ? ಬಾಲಕ್ಕೆ ತಗುಲಿದ್ರೂ?"

"ಬಾಲಕ್ಕೆ ತಗುಲಿದ್ರೆ ಬಾಲ ವಿಸ್ಕಾನ್ಸಿನ್‌ಗೆ ಹೋಗಿ ಬೀಳುತ್ತೆ," ಎಂದ ಕ್ಲಿಫರ್ಡ್ ಇಸ್ಪೀಟು ಕಲಸುತ್ತ.

"ನಗಬೇಡಿ ಭಾವ. ಅಕ್ಕನ ಕೈಲಿರೋದು ಸೊಳ್ಳೆ ಹೊಡಿಯೋ ಕೋವಿ."

ಆರ್ಲೀನಳ ಕೋವಿ ಇನ್ನೂರ ನಲವತ್ತಮೂರು, ಸಣ್ಣ ಗುಂಡಿನದು, ಅವರ ಅಮ್ಮನದು. ಹಿಡಿಯ ಬಣ್ಣ ಅಮ್ಮನ ಕೆನ್ನೆ ತಾಗಿ ತಾಗಿ ಒಂದು ಕಡೆ ಬೆಳ್ಳಗಾಗಿತ್ತು.

"ಈ ಸೊಳ್ಳೆ ಕೋವಿಯಿಂದ ಅಮ್ಮ ನಿನ್ನ ಹೊಟ್ಟೆ ತುಂಬ್ಸಿದಾಳೆ ಕಣೋ ಮರೆತೋಯ್ತಾ? ಮುಂಗಾಲಿನ ಹಿಂದೆ, ಒಂದು ಪ್ಯಾಸ್ಟಿ ಕಡುಬಿನಷ್ಟಗಲ ಜಾಗ. ಅಲ್ಲಿ ಹೋಗಿ ಕೂತ್ರೆ ಯಾವ ಗುಂಡಾದ್ರೂ ಆಗುತ್ತೆ. ಅಲ್ಲಿ ಕೂರ್ದೇ ಇದ್ರೆ ಫಿರಂಗಿ ತಂದ್ರೂ ಅಷ್ಟೆ."

"ಎಲುಬು ಅಡ್ಡ ಬಂದ್ರೆ?"

"ಅಡ್ಡ ಬಂದ್ರೆ ಹೊಡಿಯಲ್ಲ. ಕಾಯ್ತೀನಿ. ನಿನಗೆ ಕಾಯೋದು ಗೊತ್ತಾ?"

ಅದು ನಿನ್ನೆಯ ಮಾತು. ಇವತ್ತು ಬೆಳಗ್ಗೆ, ಮರದ ಲಾರಿಗಳ ಹಳೆ ದಾರಿಯ ತುದಿಯಲ್ಲಿ, ಎಂಟು ಕವಲಿನ ಗಂಡು ಜಿಂಕೆಯೊಂದು ಹೊರಬಂದು ಪೂರ್ತಿ ಅಡ್ಡ ನಿಂತಿತ್ತು. ಅಟ್ಟಣೆಯಲ್ಲಿ ಕೂತಿದ್ದ ವೆಸ್ಲಿ ಕೋವಿಯ ಮೇಲಿನ ದುರ್ಬೀನಿನಲ್ಲಿ ಮುಂಗಾಲಿನ ಹಿಂದಿನ ಆ ಜಾಗ ನೋಡಿದ. ಕೈ ಗಟ್ಟಿಯಾಗಿತ್ತು. ಎಲ್ಲ ಸರಿಯಾಗಿತ್ತು. ಆಮೇಲೆ ಸದ್ದಾಯಿತು. ಸದ್ದಾಗುವ ಸ್ವಲ್ಪ ಮೊದಲು ತನ್ನ ಕಣ್ಣು ಮುಚ್ಚಿತ್ತು ಎಂಬುದು ಅವನಿಗೆ ಆಮೇಲೆ ನೆನಪಾಯಿತು. ಜಿಂಕೆ ಹಾರಲಿಲ್ಲ, ಓಡಲಿಲ್ಲ. ಬೆನ್ನನ್ನು ಗೂನು ಮಾಡಿಕೊಂಡು, ಬಾಲ ಕೆಳಗಿಳಿಸಿ, ಹೊಟ್ಟೆನೋವಿನ ಮುದುಕನ ಹಾಗೆ ನಿಧಾನವಾಗಿ ಸೀಡರ್ ಮರಗಳ ಒಳಗೆ ನಡೆದುಹೋಯಿತು. ಜಿಂಕೆ ನಿಂತಿದ್ದ ಕಡೆ ಕೂದಲಿತ್ತು, ಕಂದು ನೀರಿನಂಥ ಎರಡು ಹನಿ, ಹುಲ್ಲು ಕೊಳೆತ ವಾಸನೆ.

ಅಂಥ ಏಟಿಗೆ ಏನು ಮಾಡಬೇಕೆಂಬುದು ಅಲ್ಲಿ ಹುಟ್ಟಿದವರಿಗೆಲ್ಲ ಗೊತ್ತು. ಏನೂ ಮಾಡಬಾರದು. ಬೆನ್ನು ಹತ್ತಿದರೆ ಅದು ಎದ್ದು ಮೈಲಿಗಟ್ಟಲೆ ಹೋಗುತ್ತದೆ. ಬಿಟ್ಟರೆ ಹತ್ತಿರದಲ್ಲೇ ಮಲಗುತ್ತದೆ, ಅರ್ಧ ದಿನವಾದ ಮೇಲೆ ಹೋಗಬೇಕು. ಮನೆಗೆ ಬಂದು ಎಲ್ಲರಿಗೂ ಹೇಳಬೇಕು. ಅಷ್ಟೇ ಇದ್ದದ್ದು. ದಾರಿಯುದ್ದಕ್ಕೂ ವೆಸ್ಲಿ ಹೇಳಲೆಂದೇ ಬಂದ. ಬಾಗಿಲು ತೆಗೆದಾಗ ಕ್ಲಿಫರ್ಡ್, "ಏನಪ್ಪ, ಫಿರಂಗಿ ಸದ್ದು ಕೇಳಿಸ್ತು! ಚಾಕು ಮಸೀಲಾ, ಕತ್ತರಿ ಮಸೀಲಾ?" ಎಂದು ಕೂಗಿದ. ವೆಸ್ಲಿಯ ಬಾಯಿಂದ "ಕತ್ತರಿ" ಎಂದು ಬಂದುಬಿಟ್ಟಿತು.

ಈಗ ಬಟ್ಟೆ ಗೋಡೆಯ ಮೇಲಿತ್ತು. 'ವೆಸ್ಲಿ, ಮುನ್ನೂರು ಮ್ಯಾಗ್ನಂ' ಎಂದು ಕ್ಲಿಫರ್ಡ್ ದಪ್ಪ ಅಕ್ಷರದಲ್ಲಿ ಬರೆದಿದ್ದ.

ವೆಸ್ಲಿ ಕೂತ. ಎದ್ದ. ಇಸ್ಪೀಟಿಗೆ ಕರೆದರು, ಒಂದಾಟ ಆಡಿದ, ತುರುಫು ಯಾವುದೆಂದೇ ಮರೆತ. ಸೌದೆ ತರುತ್ತೇನೆಂದು ಹೊರಗೆ ಹೋದ. ಸೌದೆಯ ರಾಶಿಯೇ ಇತ್ತು, ಆದರೂ ಮತ್ತಷ್ಟು ಒಡೆದ. ಬಗ್ಗಿದಾಗಲೆಲ್ಲ ಕತ್ತರಿಸಿದ ಅಂಗಿಯಡಿ ಗಾಳಿ ನುಗ್ಗಿ ಸೊಂಟದ ಮೇಲೆ ತಣ್ಣನೆಯ ಅಂಗೈ ಇಟ್ಟಂತಾಗುತ್ತಿತ್ತು. ಅಂಗಿಯನ್ನು ಪ್ಯಾಂಟಿನೊಳಗೆ ತುರುಕಲು ಹೋದರೆ ತುರುಕಲು ಬಟ್ಟೆಯೇ ಇಲ್ಲ.

ಬಂದ, ಬೂಟು ಬಿಚ್ಚಿದ, ಮತ್ತೆ ಹಾಕಿಕೊಂಡ. ಪ್ಯಾಸ್ಟಿ ಅರ್ಧ ತಿಂದು ಬಿಟ್ಟ. ಸೌನಾಕ್ಕೆ ಬೆಂಕಿ ಹಾಕಿದ.

"ಮಧ್ಯಾಹ್ನಕ್ಕೇ ಸೌನಾ ಯಾಕೋ?" ಎಂದರು ಚಿಕ್ಕಪ್ಪ.

"ಸಂಜೆಗೆ ಬಿಸಿ ಇರಲಿ ಅಂತ."

"ಸಂಜೆಗೆ ಸುಟ್ಟು ಬೂದಿ ಆಗಿರುತ್ತೆ. ಕೂತ್ಕೊ. ಕೋಳಿ ಮೊಟ್ಟೆ ಇಡೋಕೆ ಜಾಗ ಹುಡುಕಿದ ಹಾಗೆ ಆಡ್ತಿದೀಯ."

ಸೀಡರ್ ಮರಗಳಡಿ ಅದು ಈಗ ಮಲಗಿರುತ್ತದೆ. ತಲೆ ಎತ್ತಿಕೊಂಡೇ ಮಲಗಿರುತ್ತದೆ. ಅಂಥವು ತಲೆ ಕೆಳಗಿಡುವುದು ಕೊನೆಗೆ. ಇವತ್ತೇ ಸಿಗದಿದ್ದರೆ ಇರುಳಲ್ಲಿ ತೋಳಗಳಿಗೆ ಸಿಗುತ್ತದೆ, ಅದೂ ಜೀವಂತ. ವೆಸ್ಲಿ ಕಿಟಕಿಯ ಹತ್ತಿರ ಹೋದ. ಉತ್ತರದಲ್ಲಿ, ಸರೋವರದ ದಿಕ್ಕಿನಲ್ಲಿ, ಆಕಾಶ ಕಬ್ಬಿಣದ ಬಾಣಲೆಯ ತಳದ ಹಾಗಾಗಿತ್ತು. ಅವನು ನೋಡುತ್ತಿದ್ದಂತೆ ಹೊಸ ಹಿಮ ಉದುರತೊಡಗಿತು. ಗಾಳಿಯೇ ಇಲ್ಲದೆ, ದಪ್ಪದಪ್ಪಗೆ. ಆ ಎರಡು ಕಂದು ಹನಿಗಳು ಮುಚ್ಚಿಹೋಗಲು ಹೆಚ್ಚು ಹೊತ್ತು ಬೇಕಿರಲಿಲ್ಲ.

ಅವನು ಹೊರಗೆ ಓಡಿದ. ಆರ್ಲೀನ್ ಸೌದೆಮನೆಯ ಸೂರಿನಡಿ ನಿಂತು ಸಿಗರೇಟು ಸೇದುತ್ತಿದ್ದಳು. ಬಿಟ್ಟಿದ್ದೇನೆ ಎಂದು ಗಂಡನಿಗೆ ಹೇಳಿದ್ದಳು.

"ಅಕ್ಕ."

"ಕ್ಲಿಫರ್ಡ್‌ಗೆ ಹೇಳ್ಬೇಡ."

"ಅಕ್ಕ, ಅದಕ್ಕೆ ತಗುಲ್ತು."

ಅವಳು ಸಿಗರೇಟನ್ನು ಹಿಮಕ್ಕೆ ಹಾಕಿದಳು. ಬೈಯುತ್ತಾಳೆಂದು ಅವನು ಕಾದ.

"ಕೂದಲು?"

ಕೈಗವಸು ಬಿಚ್ಚಿ ತೋರಿಸಿದ.

"ಹೊಟ್ಟೆ," ಎಂದಳು. "ಗೂನು ಹಾಕ್ತಾ?"

"ಹೂಂ."

"ನಡೀತಾ, ಓಡ್ತಾ?"

"ನಡೀತು. ಜೌಗಿನ ಕಡೆಗೆ."

"ನೀನು ಹಿಂದೆ ಹೋದ್ಯಾ?"

"ಇಲ್ಲ. ಕೂದಲು ತಗೊಂಡು ನೇರ ಬಂದೆ."

"ಅದೊಂದು ಒಳ್ಳೇ ಕೆಲಸ ಮಾಡಿದೀಯ. ಬೆಳಗ್ಗಿಂದ ಯಾರೂ ಅದನ್ನ ಎಬ್ಬಿಸಿಲ್ಲ." ಅವಳು ಆಕಾಶ ನೋಡಿದಳು. "ಹೋಗು, ಒಳಗೆ ಹೇಳು. ನಾನು ಹೇಳಲ್ಲ."

"ನಾವಿಬ್ರೇ ಹೋಗಿ ಬಂದ್ರೆ..."

"ಹಿಮದಲ್ಲಿ ಇಬ್ಬರ ಕಣ್ಣು ಸಾಲ್ದು. ಹೋಗೋ, ನಿಂತ್ಕೋಬೇಡ!"

ಒಳಗೆ ಒಲೆಯ ಮುಂದೆ ನಿಂತು ಅವನು ಹೇಳಿದ. ಒಂದೇ ಉಸಿರಿನಲ್ಲಿ, ಕೂದಲನ್ನು ಮೇಜಿನ ಮೇಲೆ ಇಸ್ಪೀಟಿನ ನಡುವೆ ಇಟ್ಟು. ಕ್ಲಿಫರ್ಡ್ ಕೈಯಲ್ಲಿದ್ದ ಎಲೆಗಳನ್ನು ಕವುಚಿಹಾಕಿ ಬೂಟು ಎಳೆದುಕೊಂಡ. ರೇನೋ ಚಿಕ್ಕಪ್ಪ ಕುರ್ಚಿಯಿಂದ ಕಷ್ಟಪಟ್ಟು ಎದ್ದು ಸುತ್ತಿಗೆಯ ಹಿಂಬದಿಯಿಂದ ಮೊಳೆ ಕಿತ್ತು ಬಟ್ಟೆಯನ್ನು ವೆಸ್ಲಿಯ ಕೈಗೆ ಕೊಟ್ಟರು.

"ನಾನು ಕೇಳ್ದೆ," ಎಂದರು. "ಮೂರು ಸಲ ಕೇಳ್ದೆ. ಈ ಗೋಡೆ ಮೇಲಿರೋದೆಲ್ಲ ನಿಜ ಅಂತ ನಾನು ಹೇಳ್ಕೊಂಡು ಬಂದಿದೀನಿ."

"ಚಿಕ್ಕಪ್ಪ..."

"ಹೋಗಿ ಹುಡುಕ್ರಿ. ಆಮೇಲೆ ಮಾತು."

ಎಷ್ಟು ಅವಸರವೆಂದರೆ ವೆಸ್ಲಿ ಟೋಪಿಯನ್ನು ತಿರುಗಮುರುಗ ಹಾಕಿಕೊಂಡೇ ಹೊರಟ. ಬಾಗಿಲ ಪಕ್ಕದ ಗೂಟದಿಂದ ಮ್ಯಾಗ್ನಂ ಎಳೆದುಕೊಂಡ. ಆರ್ಲೀನ್ ಅಮ್ಮನ ಕೋವಿಯನ್ನು ಭುಜಕ್ಕೆ ಹಾಕಿಕೊಂಡಳು. ಕ್ಲಿಫರ್ಡ್ ಪಾಯಿಖಾನೆಯಿಂದ ಕಾಗದದ ಸುರುಳಿ ತಂದ; ರಕ್ತ ಸಿಕ್ಕಿದಲ್ಲೆಲ್ಲ ಕೊಂಬೆಗೆ ಗುರುತು ಕಟ್ಟಲು ಅದೇ ಅವರ ವಾಡಿಕೆ.

ಜಿಂಕೆ ನಿಂತಿದ್ದ ಜಾಗದಲ್ಲಿ ಆಗಲೇ ಏನೂ ಕಾಣುತ್ತಿರಲಿಲ್ಲ. ಆರ್ಲೀನ್ ಫರ್ ಮರದ ಒಂದು ಕೊಂಬೆ ಮುರಿದು, ಅಂಗಳ ಗುಡಿಸುವ ಹಾಗಲ್ಲ, ಮಗುವಿನ ಮುಖ ಒರೆಸುವ ಹಾಗೆ ಮೇಲಿನ ಹೊಸ ಹಿಮವನ್ನು ಸರಿಸಿದಳು. ಅಡಿಯ ಹಳೆ ಹಿಮದಲ್ಲಿ ಒಂದು ಕಂದು ಕಲೆ. ಕ್ಲಿಫರ್ಡ್ ಕಾಗದ ಹರಿದು ಕಟ್ಟಿದ. ಮತ್ತೆ ಗುಡಿಸಿದಳು. ಮತ್ತೊಂದು ಕಲೆ. ಹುಲ್ಲಿನ ಚೂರು. ಕ್ಲಿಫರ್ಡ್ ಪ್ರತಿ ಗುರುತಿನ ಹತ್ತಿರ ಕಂಬದ ಹಾಗೆ ನಿಲ್ಲುವುದು, ಅವಳು ಮುಂದಿನದನ್ನು ಹುಡುಕುವುದು. ವೆಸ್ಲಿಗೆ ಓಡಬೇಕೆನಿಸುತ್ತಿತ್ತು.

"ಬೇಗ ಅಕ್ಕ."

"ಬೇಗ ಅಂದ್ರೆ ಕಳ್ಕೋತೀವಿ. ಹಿಂದೆ ನಿಲ್ಲು. ಹೆಜ್ಜೆ ಗುರುತಿನ ಮೇಲೆ ತುಳೀಬೇಡ."

"ಕತ್ತಲಾಗುತ್ತೆ."

"ಬೆಳಗ್ಗೆಯಿಂದ ಕತ್ತಲು ಎಲ್ಲಿ ಹೋಗಿತ್ತು?" ಎಂದ ಕ್ಲಿಫರ್ಡ್, ಅವನತ್ತ ತಿರುಗದೆ. ಅದು ಅವನು ಮಧ್ಯಾಹ್ನದಿಂದ ಆಡಿದ ಮೊದಲ ಮಾತು. ಸ್ವಲ್ಪ ಹೊತ್ತಿನ ಮೇಲೆ ತಾನೇ ಮೆತ್ತಗಾಗಿ, "ಒಂದು ಮಾತು ಹೇಳ್ತೀನಿ. ದೊಡ್ಡ ಗುಂಡು ಆ ಕಡೆಯಿಂದ ದೊಡ್ಡ ತೂತು ಮಾಡಿ ಹೋಗಿದೆ. ಅದಕ್ಕೇ ಇಷ್ಟಾದ್ರೂ ಉದುರಿದೆ. ಇವಳ ಸೊಳ್ಳೆ ಗುಂಡಾಗಿದ್ರೆ ಈ ಹಿಮದಲ್ಲಿ ಇಷ್ಟೂ ಸಿಗ್ತಿರಲಿಲ್ಲ."

"ನನ್ನ ಸೊಳ್ಳೆ ಗುಂಡು ಹೊಟ್ಟೆಗೆ ಹೋಗ್ತಿರಲಿಲ್ಲ," ಎಂದಳು ಆರ್ಲೀನ್ ಗುಡಿಸುತ್ತಲೇ. "ಆದ್ರೂ ಸರಿ. ಅದು ನಿಜ. ಒಪ್ಕೋತೀನಿ."

ಸೀಡರ್ ಮರಗಳು ಶುರುವಾಗುವಲ್ಲಿ ಕಾಗದ ಮುಗಿಯಿತು. ಕ್ಲಿಫರ್ಡ್ ಖಾಲಿ ಸುರುಳಿ ತೋರಿಸಿದ. ಕಲೆ ಇನ್ನೊಂದಿತ್ತು, ಬೂಟಿನಷ್ಟಗಲ. ಜಿಂಕೆ ಅಲ್ಲಿ ನಿಂತು ಯೋಚಿಸಿತ್ತೇನೋ. ವೆಸ್ಲಿ ಜೇಬಿನಿಂದ ಅಂಗಿಯ ಅಂಚನ್ನು ತೆಗೆದು ಕೊಂಬೆಗೆ ಗಂಟು ಹಾಕಿದ. 'ವೆಸ್ಲಿ, ಮುನ್ನೂರು ಮ್ಯಾಗ್ನಂ' ಎಂದು ಅದು ಹಿಮದಲ್ಲಿ ನೇತಾಡಿತು. ಕ್ಲಿಫರ್ಡ್ ಅದರ ಬುಡದಲ್ಲಿ ನಿಂತ, ಅಕ್ಕ ತಮ್ಮ ಇಬ್ಬರೇ ಬಗ್ಗಿ ಮರಗಳೊಳಗೆ ಹೋದರು.

ಆರ್ಲೀನ್ ತಟ್ಟನೆ ಕೈ ಎತ್ತಿದಳು.

ಅದು ಬಿದ್ದ ಮರದ ಆಚೆ ಮಲಗಿತ್ತು. ಬೆನ್ನ ಮೇಲೆ ಹಿಮ ಕೂತು ಕರಗದೆ ನಿಂತಿತ್ತು. ತಲೆ ಎತ್ತಿಕೊಂಡಿತ್ತು, ಕಿವಿ ಇವರತ್ತ ತಿರುಗಿತ್ತು. ಎದ್ದು ಹೋಗುವ ಶಕ್ತಿ ಇದೆಯೋ ಇಲ್ಲವೋ ಹೇಳಲಾಗುತ್ತಿರಲಿಲ್ಲ. ಇದ್ದರೆ ಜೌಗು ದಾಟಿತು, ಮುಗಿಯಿತು. ವೆಸ್ಲಿ ಮಂಡಿಯೂರಿ ಮ್ಯಾಗ್ನಂ ಎತ್ತಿದ. ಮುಂಗಾಲಿನ ಹಿಂದೆ. ಪ್ಯಾಸ್ಟಿಯಷ್ಟಗಲ. ಉಸಿರು ಬಿಟ್ಟ, ಒತ್ತಿದ.

ಟಕ್.

ಸದ್ದು ಅಷ್ಟೇ. ಶಿಕಾರಿ ಮನೆಯೊಳಗೆ ತುಂಬಿದ ಕೋವಿ ತರಬಾರದು. ಬೆಳಗ್ಗೆ ಬಾಗಿಲಲ್ಲಿ ತೋಟಾ ತೆಗೆದಿದ್ದ, ಹೊರಡುವ ಅವಸರದಲ್ಲಿ ತುಂಬಿರಲಿಲ್ಲ. ಗುಂಡಿಲ್ಲ, ಒದೆತವಿಲ್ಲ, ಏನೂ ಇಲ್ಲ. ಆದರೂ ಕೋವಿಯ ಮೂತಿ ಕಪ್ಪೆಯ ಹಾಗೆ ಕೆಳಗೆ ಜಿಗಿದಿತ್ತು, ಎಡಕ್ಕೂ ಎಳೆದಿತ್ತು. ಅವನ ಭುಜ ಕಿವಿಯವರೆಗೆ ಏರಿತ್ತು, ಕಣ್ಣು ಗಟ್ಟಿಯಾಗಿ ಮುಚ್ಚಿತ್ತು. ಕಣ್ಣು ಬಿಟ್ಟಾಗ ಅಕ್ಕ ಅವನನ್ನೇ ನೋಡುತ್ತಿದ್ದಳು.

"ಆ ಹುಬ್ಬಿನ ಮೇಲಿನ ಗಾಯ," ಎಂದಳು ಪಿಸುಮಾತಿನಲ್ಲಿ. "ಟ್ರಕ್ಕಿನ ಬಾಗಿಲು ಬಡೀತು ಅಂದ್ಯಲ್ಲ."

ಅವನ ಬಲಹುಬ್ಬಿನ ಮೇಲೆ ಚಂದ್ರನ ಚೂರಿನಂಥ ಕಲೆಯಿತ್ತು. ಬೇಸಿಗೆಯಲ್ಲಿ ಗುರಿ ಹೊಂದಿಸಲು ಹೋದಾಗ ಮ್ಯಾಗ್ನಂ ಒದ್ದು ದುರ್ಬೀನಿನ ಅಂಚು ಹುಬ್ಬಿಗೆ ಕಚ್ಚಿತ್ತು. ಹೊಲಿಗೆ ಹಾಕಿಸಿಕೊಂಡಿದ್ದ. ಆಮೇಲೆ ಅದನ್ನು ಎತ್ತಿದಾಗಲೆಲ್ಲ ಅವನ ಮೈ ಅವನನ್ನು ಕೇಳದೆಯೇ ಓಡಿಹೋಗುತ್ತಿತ್ತು.

"ಇದೇ ಬಡಿದದ್ದು," ಎಂದ. "ನಿಂದು ಕೊಡಕ್ಕ."

"ನಾನು ಹೊಡೀಲಾ?"

"ಬೇಡ. ನಂದದು."

ಅವಳು ಒಂದು ಗಳಿಗೆ ಕೊಡಲಿಲ್ಲ. ಜಿಂಕೆ ಹಿಂಗಾಲು ಒಟ್ಟುಮಾಡಿಕೊಂಡಿತು. ಅವಳು ಕೊಟ್ಟಳು.

ಅಮ್ಮನ ಕೋವಿ ಹಗುರವಾಗಿತ್ತು. ಕೆನ್ನೆ ತಾಗಿ ಬೆಳ್ಳಗಾದ ಜಾಗಕ್ಕೆ ಅವನ ಕೆನ್ನೆ ಹೋಗಿ ಕೂತಿತು. ಮೈಗೆ ಇದರ ಮೇಲೆ ಹಳೆ ಹಗೆಯಿರಲಿಲ್ಲ. ಗುಂಡು ಹಾರಿದಾಗ ಅವನ ಕಣ್ಣು ತೆರೆದಿತ್ತು. ಜಿಂಕೆಯ ತಲೆ ಹಿಮದ ಮೇಲೆ ಇಳಿಯುವುದನ್ನು ಪೂರ್ತಿ ನೋಡಿದ.

ಅದನ್ನು ಸೀಳಿದಾಗ ಬಂದ ವಾಸನೆಗೆ ಕ್ಲಿಫರ್ಡ್ ದೂರ ಹೋಗಿ ನಿಂತ. ಒಳಗಿನ ಮೆತ್ತನೆಯ ಮಾಂಸ ಕೆಟ್ಟಿತ್ತು. ಭುಜ, ಕತ್ತು, ತೊಡೆ ಉಳಿದವು. ವೆಸ್ಲಿ ಮೊಣಕೈವರೆಗೆ ಕೈ ಹಾಕಿ ಒಬ್ಬನೇ ಶುಚಿ ಮಾಡಿದ, ಯಾರನ್ನೂ ಕರೆಯಲಿಲ್ಲ. ಎಳೆದು ತರುವಾಗ ಕೊಂಬೆಯಲ್ಲಿದ್ದ ಬಟ್ಟೆಯನ್ನು ಬಿಚ್ಚಲು ಯಾರಿಗೂ ನೆನಪಾಗಲಿಲ್ಲ. ಮನೆ ಮುಟ್ಟುವಾಗ ಕಿಟಕಿಯಲ್ಲಿ ದೀಪವಿತ್ತು.

ರೇನೋ ಚಿಕ್ಕಪ್ಪ ಬಾಗಿಲಿಗೆ ಬಂದು ತೂಗುಹಾಕಿದ ಜಿಂಕೆಯ ಎರಡೂ ತೂತುಗಳನ್ನು ಬೆರಳಲ್ಲಿ ಮುಟ್ಟಿ ನೋಡಿದರು.

"ಇದು ದೊಡ್ಡದರದ್ದು, ಇದು ಸಣ್ಣದರದ್ದು," ಎಂದ ಕ್ಲಿಫರ್ಡ್. ಅವನಿಗೆ ಮಾತು ಮರಳಿ ಬಂದಿತ್ತು. "ಈಗ ಯಾವ ಕೋವಿಗೆ ಲೆಕ್ಕ ಹಿಡೀಬೇಕು? ನೀವೇ ತೀರ್ಪು ಕೊಡಿ ಚಿಕ್ಕಪ್ಪ."

"ಬಾಯಿ ಮುಚ್ಚು," ಎಂದರು ಚಿಕ್ಕಪ್ಪ. ಆರ್ಲೀನ್ ಆ 'ಟಕ್'ನ ಕತೆ ಹೇಳಿದಳು, ಹುಬ್ಬಿನದ್ದೂ. ಮುದುಕ ಕೇಳಿಸಿಕೊಂಡು ವೆಸ್ಲಿಯ ಮುಖವನ್ನು ದೀಪದತ್ತ ತಿರುಗಿಸಿ ಕಲೆ ನೋಡಿದರು. "ದೊಡ್ಡದು ತಗೊಂಡದ್ದು ತಪ್ಪಲ್ಲ. ಹೆದರಿಕೆ ಆದದ್ದೂ ತಪ್ಪಲ್ಲ. ನನಗೇ ಹೇಳ್ಲಿಲ್ಲವಲ್ಲೋ. ಆ ಮೂತಿ ಅಲುಗೋದು ನಿಲ್ಲೋವರೆಗೆ ನೀನು ಅಟ್ಟಣೆ ಹತ್ತೋ ಹಾಗಿಲ್ಲ. ಯಾವ ಕೋವಿ ಹಿಡಿದ್ರೂ."

"ನನ್ನ ಹತ್ರ ಇನ್ನೊಂದು ಜಿಂಕೆಗೆ ಪರವಾನಗಿ ಇದೆ ಚಿಕ್ಕಪ್ಪ. ಬೇಟೆ ಇನ್ನೂ..."

"ಇರಲಿ."

ಮಾರನೆಯ ದಿನ ಕಾಡಿಗೆ ಹೋಗಬೇಕಾದ ಹೊತ್ತಿನಲ್ಲಿ ಆರ್ಲೀನ್ ಹೋಗಲಿಲ್ಲ. ಜಲ್ಲಿ ತೆಗೆದ ಹಳೆ ಗುಂಡಿಗೆ ತಮ್ಮನನ್ನು ಕರೆದುಕೊಂಡು ಬಂದು, ಹಿಮದ ಮೇಲೆ ಗೋಣಿ ಹಾಸಿ, ಹೊಟ್ಟೆಯ ಮೇಲೆ ಮಲಗು ಎಂದಳು. ಎದುರು ಗೋಡೆಗೆ ತಗಡಿನ ತಟ್ಟೆ. ಅವಳ ಜೇಬಿನಲ್ಲಿ ತುಂಬಿದ ತೋಟಾಗಳೂ ಖಾಲಿ ತೋಟಾಗಳೂ ಬೆರೆತಿದ್ದವು. ಅವನಿಗೆ ಬೆನ್ನು ತಿರುಗಿಸಿ ಯಾವುದೋ ಒಂದನ್ನು ಮ್ಯಾಗ್ನಂಗೆ ಹಾಕಿ ಕೊಡುವಳು. ಇದು ಒದೆಯುತ್ತದೋ ಸುಮ್ಮನಿರುತ್ತದೋ ಅವನಿಗೆ ಗೊತ್ತಾಗಬಾರದು. ಒಂದು ಸಲ ಗುಡುಗಿತು, ಒಂದು ಸಲ ಟಕ್ ಎಂದಿತು, ಟಕ್ ಎಂದಾಗ ಮೂತಿ ಜಿಗಿಯಿತು. ಮತ್ತೆ ಟಕ್, ಮತ್ತೆ ಜಿಗಿತ. ಕಾಡಿನೊಳಗೆ ಎಲ್ಲೋ ಬೇರೆಯವರ ಕೋವಿ ಸದ್ದಾಯಿತು. ವೆಸ್ಲಿಯ ತಲೆ ಅತ್ತ ತಿರುಗಿತು.

"ಅದು ನಿಂದಲ್ಲ. ಇಲ್ಲಿ ನೋಡು."

"ನೀನು ಹೋಗಕ್ಕ, ನಿನ್ನ ದಿನ ಹಾಳಾಗುತ್ತೆ."

"ಮಾತಾಡ್ಬೇಡ. ಉಸಿರು ಬಿಡು."

ಅಂಗಿ ಅದೇ, ನಿನ್ನೆಯದು. ಸೊಂಟದ ಮೇಲೆ ಹಿಮ ಬೀಳುತ್ತಿತ್ತು. ಅವಳು ಬೆನ್ನ ಹಿಂದೆ ಏನನ್ನೋ ಹಾಕಿ, ತೋಟಾಗೂಡಿನ ಅಗುಳಿ ಮುಚ್ಚಿ, ಕೋವಿ ಕೊಟ್ಟಳು. ಅವನು ಕೆನ್ನೆ ಇಟ್ಟ. ತಟ್ಟೆ ನೋಡಿದ. ಹುಬ್ಬಿನ ಮೇಲಿನ ಕಲೆ ತುರಿಸಿತು. ಕಾದ, ಕಾದ, ಒತ್ತಿದ.

ಟಕ್.

ಮೂತಿ ಅಲುಗಿತು, ಅಥವಾ ಅಲುಗಲಿಲ್ಲ; ಅವನಿಗೆ ತಿಳಿಯಲಿಲ್ಲ. ಆದರೆ ತಟ್ಟೆ ಮಾತ್ರ ಅವನ ಕಣ್ಣಿಂದ ಮರೆಯಾಗಿರಲಿಲ್ಲ. ಅವನು ತಿರುಗಿ ಅಕ್ಕನ ಮುಖ ನೋಡಿದ.

ಆರ್ಲೀನ್ ಕೋವಿಗೆ ಕೈ ಚಾಚಿದಳು.

"ಇನ್ನೊಂದ್ಸಲ."